ಕಳ್ಳಿಗೆ ಮತ್ತೆ ಮತ್ತೆ ನೀರು

ಲಿಂಗಸುಗೂರು
೯ ಮಾರ್ಚ್ ೨೦೨೫

ಪ್ರೀತಿಯ ನಾದಿನಿ ರಾಜಶ್ರೀಗೆ,

ನಿನ್ನ ಅತ್ತಿಗೆಯ ನೆನಪುಗಳು. ಮುಕ್ಕುಂದದಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನೀನು ಕಳ್ಳಿ ಗಿಡದ ತುಂಡು ಕೇಳಿ ತಿಂಗಳಾಯಿತು, ಸಿಟ್ಟಾಗಬೇಡ. ಕಳಿಸಲು ಗಿಡಗಳೇ ಉಳಿಯುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮವ್ವ ನನ್ನ ಪಕ್ಕದಿಂದ ಕದಲುವುದಿಲ್ಲ. ಅದಕ್ಕೇ ಈ ಕಾಗದ.

ಮಾಳಿಗೆಯ ಮೇಲಿನ ನನ್ನ ಮರುಭೂಮಿ ನಿನಗೆ ಗೊತ್ತಲ್ಲ. ಮಣ್ಣು ಪೂರ್ತಿ ಒಣಗಿದ ಮೇಲೆ ಒಂದಿಷ್ಟು ನೀರು ಸಿಕ್ಕರೆ ಸಾಕು ಎನ್ನುವ ಗಿಡಗಳು. ಮೊದಲು ಜೇಡ್ ಗಿಡದ ಎಲೆಗಳು ಹಳದಿಯಾಗಿ ಉದುರಿದವು. ಆಮೇಲೆ ಗುಂಡನೆಯ ಕಳ್ಳಿಯ ಬುಡ ಕೊಳೆತ ಬದನೆಕಾಯಿಯಂತೆ ಮೆತ್ತಗಾಯಿತು. ಮಣ್ಣಿನ ದೋಷವೆಂದು ಮರಳು, ಇಟ್ಟಿಗೆ ಚೂರು ಬೆರೆಸಿ ಕುಂಡ ಬದಲಿಸಿದೆ. ಕೊಳೆತದ್ದನ್ನು ಕೊಯ್ದು, ಗಾಯ ಒಣಗುವವರೆಗೆ ನೆರಳಲ್ಲಿಟ್ಟು ಮತ್ತೆ ನೆಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು ನನ್ನ ಕಥೆ.

ಕೊನೆಗೆ ನಿಮ್ಮವ್ವ ಸಿಕ್ಕಿಬಿದ್ದರು. ಕೈಯಲ್ಲಿ ತಂಬಿಗೆ, ಸೀರೆಯ ನೆರಿಗೆಯೆಲ್ಲ ತೊಯ್ದು ತೊಪ್ಪೆ. "ಅತ್ತೀ, ಮತ್ತ ನೀರು ಹಾಕಾಕತ್ತೀರೇನ್ರೀ?" ಎಂದೆ. "ಮತ್ತ ಅಂದ್ರ? ಮುಂಜಾನಿಂದ ಒಂದು ಹನಿ ಕಂಡಿಲ್ಲ ಇವು. ಎಂಥಾ ಕಲ್ಲು ಮನಸ್ಸಬೇ ನಿಂದು!" ನಾನೇನು ಬಿಡುವವಳೇ? ಜೋರು ಜಗಳವಾಯಿತು. ಅತ್ತೆ ಮುಖ ತಿರುವಿಕೊಂಡು ಇಳಿದು ಹೋದರು. ಸ್ವಲ್ಪ ಹೊತ್ತಿಗೇ ತುಂಬಿದ ತಂಬಿಗೆ ಹಿಡಿದು ಮತ್ತೆ ಬಂದು, "ಅಯ್ಯ, ಇವಕ್ಕ ಯಾರೂ ನೀರು ಹಾಕಿಲ್ಲಲ್ಲ" ಅಂದರು. ಮುಖದಲ್ಲಿ ಜಗಳದ ಗುರುತೇ ಇರಲಿಲ್ಲ.

ಕರಿಬೇವು, ಮಲ್ಲಿಗೆ ಅಷ್ಟೂ ನೀರು ಕುಡಿದು ಸೊಂಪಾಗಿ ಬೆಳೆದಿವೆ. ಕಳ್ಳಿ ಇರದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಎಷ್ಟು ದಿನದಿಂದ ಹೀಗಿದೆಯೋ ಏನೋ.

ನಿಮ್ಮಣ್ಣ ನಗುತ್ತಾರೆ. "ಅವ್ವ ಗೊರೇಬಾಳದಾಕಿ, ಕಾಲುವಿ ನೀರಾಗ ಬೆಳದಾಳ. ಒಣ ಮಣ್ಣು ಕಂಡ್ರ ಅಕಿ ಕೈ ಸುಮ್ಮನಿರಂಗಿಲ್ಲ. ನಿನ್ನ ಕಳ್ಳಿ ಸಲುವಾಗಿ ಅಕಿಗೆ ಹುಚ್ಚಿ ಪಟ್ಟ ಕಟ್ಟಬ್ಯಾಡ" ಎನ್ನುತ್ತಾರೆ. ರಾಯಚೂರಿನ ಡಾಕ್ಟರಿಗೆ ತೋರಿಸೋಣವೆಂದರೆ ಕೇಳುವುದಿಲ್ಲ. ಸೊಸೆಯ ಮಾತು ಚಾಡಿಯಾಗುತ್ತದೆ, ಮಗಳ ಮಾತಿನ ತೂಕವೇ ಬೇರೆ. ನೀನು ಬಂದು ನಾಲ್ಕು ದಿನ ಇದ್ದು ನೋಡು. ನಾನು ಹೇಳಿದ್ದು ಸುಳ್ಳಾದರೆ ನನ್ನಷ್ಟು ಸಂತೋಷಪಡುವವರು ಯಾರೂ ಇಲ್ಲ. ನನಗೆ ಭಯವಾಗುತ್ತಿದೆ, ರಾಜಿ.

ಮಕ್ಕಳಿಗೆ ನನ್ನ ಮುತ್ತು. ಅಮರೇಶ್ವರ ನಿಮ್ಮೆಲ್ಲರನ್ನು ಕಾಯಲಿ.

ನಿನ್ನ ಅತ್ತಿಗೆ
ಶೈಲಜಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ನಿಮ್ಮಣ್ಣನಿಗೂ ಹೇಳಲು ಬಾಯಿ ಬಂದಿಲ್ಲ. ತಾಯಿಯನ್ನು ಕಳೆದುಕೊಂಡು ಈ ಮನೆಗೆ ಬಂದವಳು ನಾನು. ನನ್ನ ತಲೆ ಬಾಚಿ ಹೂ ಮುಡಿಸಿದವರು ನಿಮ್ಮವ್ವ. ನಿನ್ನೆ ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಬಂದು ನನ್ನ ಕೈಗೆ ಮೆತ್ತಿದ ಹಿಟ್ಟನ್ನು ಸೆರಗಿನಿಂದ ಒರೆಸಿ, "ಎಷ್ಟು ಛಲೋ ಹುಡುಗಿ ಅದೀ. ಯಾರ ಮಗಳವ್ವಾ ನೀ? ಹೊತ್ತು ಮುಳುಗಾಕತ್ತೈತಿ, ನಿಮ್ಮವ್ವ ದಾರಿ ನೋಡತಿರ್ತಾಳ, ಮನಿಗೆ ಹೋಗು" ಎಂದರು.

ಯಾವ ಮನೆಗೆ ಹೋಗಲಿ, ರಾಜಿ?