ಐದು ಸೂರ್ಯಕಾಂತಿ

ತೆರ್ನೊಪಿಲ್
ಆಗಸ್ಟ್ 30

ಪ್ರೀತಿಯ ಅಪ್ಪನಿಗೆ,

ಹೀಗೆ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸಿ. ಇಂಗ್ಲೆಂಡಿನಿಂದ ಫೋನ್ ಮಾಡಿ ನೀವು ‘ಆರ್ ಯು ಓಕೆ’ ಎನ್ನುತ್ತೀರಿ, ನಾನು ‘ಓಕೆ’ ಎಂದು ಇಟ್ಟುಬಿಡುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ನಿಮ್ಮ ಮತ್ತು ಅಮ್ಮನ ಹಳೆಯ ಜಗಳದ ಮಾತು ಇದರಲ್ಲಿಲ್ಲ, ಹೆದರಬೇಡಿ.

ಸೋಮವಾರ ಕಾಲೇಜು ಶುರು. ಇಷ್ಟು ವರ್ಷ ಇಂಗ್ಲೆಂಡಿನ ಹಾಸ್ಟೆಲ್ ಶಾಲೆಯಲ್ಲಿದ್ದವಳಿಗೆ ಇಲ್ಲಿಯ ಪಾಠ ತಲೆಗೆ ಹೋಗುತ್ತದೋ ಇಲ್ಲವೋ ಎಂದು ಈಗಲೇ ಟೆನ್ಷನ್.

ನಿನ್ನೆ ಯುದ್ಧದಲ್ಲಿ ಮಡಿದವರ ದಿನ. ಊರಿಗೆ ಊರೇ ಸೂರ್ಯಕಾಂತಿ ಹಿಡಿದು ಚೌಕಕ್ಕೆ ಹೋಗುತ್ತದೆ. ಒಸ್ತಾಪ್ ಅಣ್ಣ ಯುದ್ಧದಲ್ಲಿ ನಾಪತ್ತೆಯಾದಾಗಿನಿಂದ ಈ ದಿನ ನಮ್ಮ ಮನೆಯದೂ ಹೌದೋ ಅಲ್ಲವೋ ನನಗೆ ತಿಳಿಯುತ್ತಿಲ್ಲ. ಅಮ್ಮ ಅವನ ಬೂಟುಗಳಿಗೆ ಇನ್ನೂ ಪಾಲಿಶ್ ಹಾಕುತ್ತಾಳೆ. ಬೆಳಿಗ್ಗೆ ಅವು ಬಾಗಿಲ ಬಳಿ ಬೇರೆ ದಿಕ್ಕಿಗೆ ತಿರುಗಿರುತ್ತವೆ. ಅವಳೇ ತಿರುಗಿಸುವುದು ಎಂದು ಗೊತ್ತಿದ್ದೂ ಅತ್ತ ಹೋಗಲು ಹೆದರುತ್ತೇನೆ.

ಹೂ ತಂದವಳು ನಾನು. ಅಮ್ಮ ಬಸ್ಸಿನಲ್ಲಿ ಎಣಿಸಿದಳು.

“ಆರು ಹೂ ಯಾರಿಗೆ ತಂದೆ? ಸಮಸಂಖ್ಯೆ ಸತ್ತೋರಿಗೆ, ಬೆಸ ಬದುಕಿರೋರಿಗೆ. ನಿಮ್ಮ ಇಂಗ್ಲಿಷ್ ಹಾಸ್ಟೆಲ್‌ನಲ್ಲಿ ಇಷ್ಟೂ ಕಲಿಸ್ಲಿಲ್ವಾ?”

ಒಂದನ್ನು ಕಿತ್ತು, ಇಳಿಯುವಾಗ ಡ್ರೈವರನ ಕೈಗಿಟ್ಟಳು. “ತಗೊಳಪ್ಪ, ಹೆಂಡ್ತಿಗೆ ಕೊಡು.”

“ಒಂದೇನಾ ಅಕ್ಕಾ?”

“ಬದುಕಿದಾಳೆ ತಾನೆ? ಒಂದೇ ಸಾಕು.”

ಚೌಕದಲ್ಲಿ ನಾಪತ್ತೆಯಾದವರ ಮನೆಯವರು ಒಂದು ಮೂಲೆಯಲ್ಲಿ ನಿಲ್ಲುತ್ತಾರೆ. ಅಣ್ಣನ ಫೋಟೊ ಒರಗಿಸಿ, ಮುಂದೆ ಐದು ಹೂ ಇಟ್ಟೆವು. ಮೌನಾಚರಣೆಗೆ ಎಲ್ಲರೂ ಮಂಡಿಯೂರಿದರು, ನಾನು ಕಣ್ಣು ಮುಚ್ಚಿದೆ. ತೆರೆದಾಗ ಆರು ಹೂ ಇದ್ದವು.

ಪಕ್ಕದಲ್ಲೇ, ಮಡಿದವರ ಮನೆಯವರ ಸಾಲಿನಲ್ಲಿ, ತಲೆಗೆ ಕಪ್ಪು ವಸ್ತ್ರ ಕಟ್ಟಿದ ಒಬ್ಬ ಅಜ್ಜಿ. “ಒಂದು ದಾರೀಲಿ ಉದುರಿರ್ಬೇಕು, ಮಗಳೇ. ನನ್ನ ಮಗನ ಹೂವಲ್ಲಿ ಒಂದು ಇಟ್ಟೆ” ಎಂದಳು, ಎಷ್ಟು ಮೆತ್ತಗೆ ಅಂದರೆ, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ.

ಅಮ್ಮ ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಆ ಹೂವನ್ನೆತ್ತಿ ಅಜ್ಜಿಯ ಗೊಂಚಲಿಗೇ ಸೇರಿಸಿದಳು. “ನಿಮ್ಮ ಹುಡುಗನಿಗೆ ಕಮ್ಮಿ ಆಗುತ್ತೆ, ತಾಯಿ. ನಮ್ಮೋನು ಬರ್ತಾನೆ.”

“ಬರ್ಲಿ, ಬರ್ಲಿ” ಎಂದಳು ಅಜ್ಜಿ. ಹಾಗೆನ್ನುವಾಗ ಅವಳು ನೋಡುತ್ತಿದ್ದುದು ಅಮ್ಮನನ್ನಲ್ಲ, ನನ್ನನ್ನು. ನನ್ನ ಮುಖದಲ್ಲಿ ಏನು ಕಂಡಿತೋ.

ನಿಮ್ಮ ಮಂಡಿನೋವು ಬೇಗ ವಾಸಿಯಾಗಲಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಸೊಲೊಮಿಯಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಬುಧವಾರ ಪ್ರಯೋಗಾಲಯದಿಂದ ನನಗೆ ಫೋನ್ ಬಂದಿತ್ತು. ಶತ್ರುಗಳು ಮರಳಿಸಿದ ದೇಹಗಳಲ್ಲಿ ಒಂದು, ನಾನು ಕೊಟ್ಟಿದ್ದ ಡಿಎನ್‌ಎ ಜೊತೆ ಅರ್ಧಂಬರ್ಧ ಹೊಂದುತ್ತಿದೆಯಂತೆ. ಖಚಿತವಾಗಿ ಹೇಳಲು ತಂಗಿಯದು ಸಾಲದು, ತಾಯಿಯದೋ ತಂದೆಯದೋ ಬೇಕು. ಅಮ್ಮ ಮೊದಲಿನಿಂದಲೂ ಕೊಡಲು ಒಪ್ಪಿಲ್ಲ. ಫೋನ್ ಬಂದದ್ದು ಅವಳಿಗೆ ಗೊತ್ತಿಲ್ಲ, ಹೇಳುವ ಧೈರ್ಯ ನನಗಿಲ್ಲ. ನೀವು ಅಲ್ಲಿಂದಲೇ ಕೊಡಬಹುದಂತೆ. ಕೊಡುತ್ತೀರಾ ಅಪ್ಪ? ದಯವಿಟ್ಟು ಬೇಗ ಉತ್ತರ ಬರೆಯಿರಿ.