ಹನ್ನೊಂದು ಇಪ್ಪತ್ತರ ಸಾಲು

ಜನವರಿ 6, ಸೋಮವಾರ

ಎಂಟೂವರೆ ಬಸ್ಸು. ಇವತ್ತೂ ನಿಂತೇ ಬಂದೆ. ಮದಕರಿಪುರದ ಅಂಗನವಾಡಿ ಮುಟ್ಟುವ ಹೊತ್ತಿಗೆ ದಾಕ್ಷಾಯಿಣಿಯ ಸ್ಕೂಟಿ ಆಗಲೇ ಬೇವಿನ ಮರದಡಿ. ಅವಳ ಸೊಂಟದ ಮೇಲೊಂದು ಮಗು, ಕೈ ಹಿಡಿದು ಇನ್ನೊಂದು.

ಪ್ರಾಕ್ಟಿಕಲ್ಸ್‌ನ ಹನ್ನೆರಡನೇ ದಿನ. ಇನ್ನು ಹದಿನೆಂಟು. ಶಿಶು ಶಿಕ್ಷಣದ ಎಂ.ಎ. ಕ್ಲಾಸಿನಲ್ಲಿ ಇಪ್ಪತ್ತೆರಡು ಜನ ಇದ್ದೇವೆ, ನನಗೆ ಇವಳೇ ಜೋಡಿ. ಹಿರಿಯೂರಿನ ಕೊಬ್ಬರಿ ಮಂಡಿಯವರ ಮಗಳು. ಕೋರ್ಸ್ ಮುಗಿದ ಕೂಡಲೆ ಅಪ್ಪ ಹೈವೇ ಪಕ್ಕ ಪ್ಲೇ ಹೋಂ ಹಾಕಿಕೊಡುತ್ತಾರಂತೆ. ಗೋಡೆಗೆ ಆನೆ ಬರೆಸಲೋ ಜಿರಾಫೆಯೋ ಅಂತ ನನ್ನನ್ನೇ ಕೇಳುತ್ತಾಳೆ! ಕೂಲಿಯವರ ಮಕ್ಕಳ ನಡುವೆ ಕಲಿಯುವುದು, ಕಲಿತದ್ದನ್ನು ಕಾಸಿದ್ದವರ ಮಕ್ಕಳಿಗೆ ಮಾರುವುದು. ನಾನು ಓದಿದ ಕಿರುಹೊತ್ತಿಗೆಗಳಲ್ಲಿ ಇದಕ್ಕೊಂದು ಹೆಸರಿದೆ: ಶೋಷಣೆ. ಅವಳ ಮುಖಕ್ಕೇ ಹೇಳಿದೆ. "ಹೌದಲ್ಲ ಕಣೇ," ಅಂದಳು. ಜಗಳಕ್ಕೂ ಸಿಗುವುದಿಲ್ಲ.

ಕೇಸ್ ಸ್ಟಡಿಗೆ ನಾನು ಆರಿಸಿದ್ದು ಸುಮಾಳನ್ನು. ನಾಲ್ಕು ವರ್ಷ. ಕೇಂದ್ರದಲ್ಲಿ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಮಾತಾಡುತ್ತಾಳೆ ಅನ್ನುತ್ತಾಳೆ ಅಜ್ಜಿ ಓಬವ್ವ. ನಿಯಮ ಇದು — ಒತ್ತಾಯ ಮಾಡಬಾರದು. ದೂರ ಕೂತು, ಕಂಡದ್ದನ್ನು, ಕೇಳಿದ್ದನ್ನು ಮಾತ್ರ, ಗಂಟೆ ನಿಮಿಷದ ಸಮೇತ ಬರೆಯಬೇಕು. ಬರೆಯುತ್ತಿದ್ದೇನೆ. ಈ ಮಗು ಇಲ್ಲಿ ಮೊದಲ ಮಾತು ಆಡಿದರೆ ನನ್ನ ಹತ್ತಿರ ಆಡಬೇಕು.

ಜನವರಿ 9, ಗುರುವಾರ

ಒಂದು ಗಂಟೆ ಸುಮಾಳ ಪಕ್ಕ ಕೂತು ಮರದ ಬಿಲ್ಲೆ ಜೋಡಿಸಿದೆ. ತಿರುಗಿ ನೋಡಲಿಲ್ಲ.

ಪಾರ್ವತಮ್ಮ ನಗುತ್ತಾರೆ. ಇಪ್ಪತ್ತು ವರ್ಷದಿಂದ ಈ ಅಂಗನವಾಡಿಯ ಟೀಚರ್. "ಏನವ್ವ ಗಂಗಾ, ಪೊಲೀಸ್ನೋರು ಕುಂತಂಗೆ ಕುಂತಿದಿಯಲ್ಲ. ಆ ಪುಸ್ತಕ ಅತ್ಲಾಗಿಡು, ಮಗು ಹೆದ್ರಿಕಂತೈತೆ."

ರೆಕಾರ್ಡ್ ಪುಸ್ತಕ ಪಕ್ಕಕ್ಕಿಡುವ ಹಾಗಿಲ್ಲ ಅಂದೆ.

"ದಾಕ್ಷಾಯಿಣಿದು ಎಲ್ಲೈತೆ ನೋಡು. ಮೊಟ್ಟೆ ಟ್ರೇ ಕೆಳಗೆ!"

ಎಲ್ಲರೂ ನಕ್ಕರು. ದಾಕ್ಷಾಯಿಣಿ ಎಲ್ಲರಿಗಿಂತ ಜೋರಾಗಿ.

ಜನವರಿ 15

ದಾಕ್ಷಾಯಿಣಿ ಮನೆಯಿಂದ ಎಳ್ಳುಬೆಲ್ಲ ತಂದು ಹಂಚಿದಳು. ನನಗೂ. ತಿಂದೆ. ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

ಜನವರಿ 17, ಶುಕ್ರವಾರ. ವಾಪಸ್ ಬಸ್ಸಿನಲ್ಲಿ

ದಾಕ್ಷಾಯಿಣಿ ಅಡುಗೆ ಮೂಲೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸುಮಾ ತಾನಾಗಿ ಹೋಗಿ ಎದುರು ಕೂತಳು. ನಾನು ಬಾಗಿಲ ಹತ್ತಿರ, ರೆಕಾರ್ಡ್ ತೊಡೆ ಮೇಲೆ. ದಾಕ್ಷಾಯಿಣಿ ಅವಳ ಕಡೆ ನೋಡಲೂ ಇಲ್ಲ. ಆಮೇಲೆ ಮಗು ಮೊರಕ್ಕೆ ಬೆರಳಿಟ್ಟಿತು.

"ಹುಳ."

"ಎಲ್ಲೈತೆ?"

"ಇಕಾ, ಇಲ್ಲಿ. ಕಪ್ಪು ಹುಳ. ಓಡ್ತೈತೆ."

"ಓಡ್ಲಿ ಬಿಡು. ಅದರ ಮನೆಗೆ ಹೊಂಟೈತೆ."

"ಅದರವ್ವ ಕೆಲಸಕ್ಕೆ ಹೋಗೈತಾ?"

ಹೀಗೇ ಐದು ನಿಮಿಷ. ಸಣ್ಣ ದನಿ, ಆದರೆ ಪ್ರತಿ ಅಕ್ಷರ ಕೇಳಿಸಿತು. ಇಪ್ಪತ್ತೊಂದು ದಿನ ನಾನು ಕಾದಿದ್ದೆ. ಅವಳು ಕಾದೇ ಇರಲಿಲ್ಲ.

ರೆಕಾರ್ಡಿನಲ್ಲಿ ಬರೆದೆ: 11:20 — ಮಗು ಮೊರದ ಬಳಿ ಕೂತಿದೆ. ಮಾತಿಲ್ಲ.

ಅಕ್ಷರ ದುಂಡಗೇ ಬಂತು.

ಜನವರಿ 24

ಈಗ ಸುಮಾಳದು ದಿನಾ ಮಾತು. ದಾಕ್ಷಾಯಿಣಿಯ ಜೊತೆ ಮಾತ್ರ, ಅದೇ ಮೂಲೆಯಲ್ಲಿ. ನನ್ನನ್ನು ಕಂಡರೆ ತುಟಿ ಮುಚ್ಚುತ್ತಾಳೆ. ದಾಕ್ಷಾಯಿಣಿಯ ಕೇಸ್ ಸ್ಟಡಿ ಬೇರೆ ಮಗುವಿನದು, ಹಾಗಾಗಿ ಅವಳು ಇದನ್ನು ಬರೆಯುವುದಿಲ್ಲ. ತನ್ನದನ್ನೇ ನೆಟ್ಟಗೆ ಬರೆಯುವವಳಲ್ಲ.

ನಾನು ಬರೆಯುತ್ತೇನೆ. ಮಾತಿಲ್ಲ. ಮಾತಿಲ್ಲ. ಒಂದು ದಿನ ಬರೆದ ಮೇಲೆ ಮರುದಿನದ್ದು ಕಷ್ಟವಲ್ಲ.

ಫೆಬ್ರವರಿ 3, ಸೋಮವಾರ

ಕಾಲೇಜಿನಲ್ಲಿ ಸುಮಿತ್ರಾ ಮೇಡಂ ನನ್ನ ರೆಕಾರ್ಡ್ ಎತ್ತಿ ಇಡೀ ಕ್ಲಾಸಿಗೆ ತೋರಿಸಿದರು. "ರೆಕಾರ್ಡ್ ಅಂದ್ರೆ ಹೀಗಿರಬೇಕು. ಮೂವತ್ತು ದಿನ, ಒಂದು ಸಾಲೂ ಬಿಟ್ಟಿಲ್ಲ." ದಾಕ್ಷಾಯಿಣಿಯದನ್ನೂ ತೋರಿಸಿದರು. ಅರಿಶಿನದ ಕಲೆ, ಹನ್ನೊಂದು ದಿನ ಖಾಲಿ. ಅವಳು ನಾಚಿಕೆ ಇಲ್ಲದೆ ನನಗೆ ಚಪ್ಪಾಳೆ ಹೊಡೆದಳು. ಹೊಟ್ಟೆಯ ಉರಿ ಒಂದು ಗಂಟೆ ತಣ್ಣಗಿತ್ತು.

ಆಮೇಲೆ ಸ್ಟಾಫ್ ರೂಮಿಗೆ ಕರೆದರು. "ಒಂದು ಪದವೂ ಇಲ್ಲ ಅಂದ್ರೆ ಬಿಡೋ ಹಾಗಿಲ್ಲ ಗಂಗಾ. ಆಸ್ಪತ್ರೆಗೆ, ಮಾತಿನ ಪರೀಕ್ಷೆಗೆ ಬರೆದಿದ್ದೀನಿ. ಅಂಗನವಾಡಿಗೂ ತಿಳಿಸಿದ್ದೀನಿ. ಬೇಕಾದ್ರೆ ಮಾತು ಬಾರದ ಮಕ್ಕಳ ಶಾಲೆ ಇದೆ, ಅಲ್ಲೇ ಹಾಸ್ಟೆಲ್ಲು."

"ಮನೇಲಿ ಮಾತಾಡ್ತಾಳಂತೆ ಮೇಡಂ. ಅಜ್ಜಿ ಹೇಳ್ತಾರೆ."

"ಎಲ್ಲ ಮನೆಯವರೂ ಹಾಗೇ ಹೇಳೋದು. ನಿನ್ನ ರೆಕಾರ್ಡ್ ಇದೆಯಲ್ಲ."

ಥ್ಯಾಂಕ್ಸ್ ಹೇಳಿ ಬಂದೆ. ಥ್ಯಾಂಕ್ಸ್!

ಫೆಬ್ರವರಿ 7, ಶುಕ್ರವಾರ

ಹಾಜರಿ ಪತ್ರಕ್ಕೆ ಪಾರ್ವತಮ್ಮನವರ ಸಹಿ ಬೇಕಿತ್ತು. ಹೋದೆ. ಸುಮಾ ನಾಲ್ಕು ದಿನದಿಂದ ಬಂದಿಲ್ಲ.

"ಅದು ಮಾತಾಡಾದು ನಾನೂ ಕೇಳೀನವ್ವ," ಅಂದರು ಪಾರ್ವತಮ್ಮ. ಇವತ್ತು ನಗಲಿಲ್ಲ. "ನನ್ನ ಮಾತು ಯಾರು ಕೇಳ್ತಾರೆ? ನಿಮ್ದು ಎಂ.ಎ. ಪುಸ್ತಕ."

ಓಬವ್ವನ ಮನೆಗೆ ಹೋದೆ. ಅಜ್ಜಿ ಕೂಲಿ ಬಿಟ್ಟು ಮಗುವನ್ನು ಕಾಯುತ್ತಾ ಕೂತಿದ್ದಳು. ಚಾಪೆ ಹಾಸಿದಳು, ನೀರು ಕೊಟ್ಟಳು.

"ಕುಂತ್ಕಳ್ರಿ ಟೀಚರಮ್ಮ. ಮೂಗಿ ಅಂತ ಬರ್ದಾರಂತೆ. ಹಾಸ್ಟೆಲ್ಲಿಗೆ ಎತ್ತಾಕ್ಕೆಂಡು ಹೋಗ್ತಾರಂತೆ. ಓಣಿ ಹುಡುಗ್ರು ಮೂಗಿ, ಮೂಗಿ ಅಂತ ಕೂಗ್ತಾವೆ. ಈಗ ಮನೇಲೂ ಬಾಯಿ ಬಿಡ್ತಿಲ್ಲ ಕಣ್ರಿ. ನನ್ನತ್ರಾನೂ ಇಲ್ಲ. ಯಾವ ಪುಣ್ಯಾತಗಿತ್ತಿ ಬರೆದ್ಲೋ... ನೀವು ಓದಿದೋರು, ಒಂದು ಮಾತು ಹೇಳಿ ಅಳಿಸ್ಬಾರ್ದಾ?"

ಸುಮಾ ಕದದ ಹಿಂದಿದ್ದಳು. ನನ್ನ ಮುಖ ನೋಡಲಿಲ್ಲ. ನಾನು ರೆಕಾರ್ಡ್ ಇಡುತ್ತಿದ್ದ ಬ್ಯಾಗು ನೋಡಿದಳು.

ಹೇಳ್ತೀನಿ ಅಜ್ಜಿ ಅಂದೆ. ಬರೆದವಳು ನಾನೇ ಅನ್ನಲಿಲ್ಲ. ಬಡವರ ಮಕ್ಕಳ ಪರ ಎಷ್ಟು ಹಾಳೆ ಓದಿದ್ದೇನೆ ನಾನು. ಈ ಒಂದು ಮಗುವಿನ ಬಾಯಿ ಮುಚ್ಚಿಸಿದೆ.

ಫೆಬ್ರವರಿ 8

ದಾಕ್ಷಾಯಿಣಿಗೆ ಪಾರ್ವತಮ್ಮ ಫೋನ್ ಮಾಡಿದ್ದಾರೆ. ಕ್ಯಾಂಟೀನಿನಲ್ಲಿ ಹಿಡಿದಳು. "ಲೇ ಗಂಗಾ, ಅವತ್ತು ಅಕ್ಕಿ ಆರಿಸ್ತಿದ್ದಾಗ ನೀನು ಬಾಗಿಲಲ್ಲೇ ಇದ್ಯಲ್ಲೇ?"

"ನನಗೆ ಕೇಳಿಸಲಿಲ್ಲ."

ನಂಬಿದಳು!

"ಇರ್ಬೋದು ಬಿಡು, ಅವಳ ದನಿನೇ ಅಷ್ಟು. ತಪ್ಪು ನಂದು ಕಣೇ. ನೀನು ಅಷ್ಟು ದಿನದಿಂದ ಕಾಯ್ತಿದ್ದೆ, ನನ್ನ ಹತ್ರ ಮಾತಾಡಿದ್ಲು ಅಂದ್ರೆ ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲೇ ಇಲ್ಲ. ಸೋಮವಾರ ಮೇಡಂ ಹತ್ರ ಹೋಗ್ತೀನಿ."

ಮಕ್ಕಳು ಅವಳ ಕಡೆ, ಪಾರ್ವತಮ್ಮ ಅವಳ ಕಡೆ. ಈಗ ನನ್ನ ತಪ್ಪನ್ನೂ ಅವಳೇ ಎತ್ತಿಕೊಂಡು ಹೋಗುತ್ತಾಳೆ. ಟೀ ಕುಡಿಯದೆ ಎದ್ದು ಬಂದೆ.

ಫೆಬ್ರವರಿ 10, ಸೋಮವಾರ. ಬೆಳಿಗ್ಗೆ 10:40. ಸ್ಟಾಫ್ ರೂಮಿನ ಹೊರಗಿನ ಬೆಂಚು

ಅವಳು ನನಗಿಂತ ಮೊದಲೇ ಬಂದಿದ್ದಾಳೆ. ಒಳಗಿದ್ದಾಳೆ. ಬಾಗಿಲು ಅರ್ಧ ತೆರೆದಿದೆ.

ಮೇಡಂ: "ಬರೆದಿದ್ದೀಯಾ? ತಾರೀಖು? ಸಮಯ?"

"ಬರೆದಿಲ್ಲ ಮೇಡಂ."

"ಹಾಗಾದ್ರೆ ಗಂಗಾ ಸುಳ್ಳು ಬರೆದಳು ಅಂತೀಯಾ?"

"ಇಲ್ಲ ಮೇಡಂ! ಗಂಗಾ ಸುಳ್ಳು ಬರೆಯೋಳಲ್ಲ. ಅವಳಷ್ಟು ನಿಯತ್ತು ನಮ್ಮ ಕ್ಲಾಸಲ್ಲಿ ಯಾರಿಗೂ ಇಲ್ಲ. ಕೇಳಿಸಿಲ್ಲ ಅಷ್ಟೇ."

"ನಾಳೆ ಮಗುನ ಪರೀಕ್ಷೆಗೆ ಕಳಿಸೋದೇ. ರೆಕಾರ್ಡ್ ಇರೋದು ಒಂದೇ."

ಅಳುತ್ತಿದ್ದಾಳೆ. ಅವಳ ಮಾತು ನಡೆಯುತ್ತಿಲ್ಲ. ಖುಷಿಯಾಗಬೇಕಿತ್ತು. ಒಂದು ಕ್ಷಣ ಆಯಿತು ಕೂಡ, ಅದನ್ನೂ ಬರೆದಿಡುತ್ತೇನೆ. ಆಮೇಲೆ ಹೊಟ್ಟೆ ಮತ್ತೆ ಉರಿಯಿತು. ನಾನು ಆಗಬೇಕಾದವಳು ಆ ಬಾಗಿಲೊಳಗೆ ನಿಂತಿದ್ದಾಳೆ. ನಾನು ಇಲ್ಲಿ ಬೆಂಚಿನ ಮೇಲೆ.

ಸುಮಾಳಿಗಾಗಿ ಏಳುತ್ತಿದ್ದೇನೋ, ಇವಳ ಮೇಲಿನ ಕಿಚ್ಚಿಗೆ ಏಳುತ್ತಿದ್ದೇನೋ... ತಿಳಿಯದು. ಯಾವುದಾದರೂ ಆಗಲಿ. ಒಳಗೆ ಮೇಡಂ ಕುರ್ಚಿ ಹಿಂದಕ್ಕೆ ಸರಿಸಿದರು. ಎದ್ದು ಹೋಗುತ್ತಾರೆ. ಅಷ್ಟರೊಳಗೆ ನಾನೇ ಒಳಗೆ ಹೋಗಿ, ಹನ್ನೊಂದು ಇಪ್ಪತ್ತರ ಸಾಲು ಸುಳ್ಳು ಅಂತ —