ದಪ್ಪ ಹಿಡಿಯ ರಿವಾಲ್ವರ್

ಮಗಳೇ,

ಸಮಸ್ತ ಜನರಿಗೂ ತಿಳಿಯಪಡಿಸುವುದೇನೆಂದರೆ, ನಿನ್ನಪ್ಪ ಇಂದು ಒಂದು ರಿವಾಲ್ವರಿನ ಹಿಡಿ ಬದಲಿಸಿದ.

ಗುರಿ ಸ್ಪರ್ಧೆಗೆ ಸೇರಿದ ಟೀಚರೊಬ್ಬರು ನಮ್ಮ ಬಂದೂಕಿನಂಗಡಿಗೆ ಬಂದಿದ್ದರು. ಕೈ ನಿನ್ನದರಷ್ಟೇ ಪುಟ್ಟದು. ನಿನಗೆ ಗುರಿ ಕಲಿಯಲು ಕೊಟ್ಟಿದ್ದ ರಿವಾಲ್ವರನ್ನೇ ಘನಗಂಭೀರವಾಗಿ ಕೊಟ್ಟೆ.

"ಇದು ರಿವಾಲ್ವರೋ ಗುದ್ದಲಿಯೋ, ಯಜಮಾನ್ರೇ? ಬೆರಳು ಟ್ರಿಗರ್‌ಗೆ ಎಟಕೋದೇ ಇಲ್ಲ."

ತೆಳು ಹಿಡಿ ಹಾಕಿಕೊಟ್ಟೆ, ಸಲೀಸಾಗಿ ಎಟುಕಿತು. ಹತ್ತು ನಿಮಿಷದ ಕೆಲಸ.

ಹಿಡಿ ದಪ್ಪ ಎಂದು ನೀನು ಆರು ವರ್ಷ ಹೇಳಿದೆ. ನಿನ್ನ ಗುರಿ ತಪ್ಪಿದಾಗಲೆಲ್ಲ ನಾನು ನಾಲ್ಕು ಜನರೆದುರು "ಕುಣಿಯಲಾರದವಳಿಗೆ ನೆಲ ಡೊಂಕು" ಎಂದು ನಗುತ್ತಿದ್ದೆ.

ನಿನ್ನ ಈಗಿನ ವಿಳಾಸ ಅಮ್ಮನಿಗೆ ಗೊತ್ತು. ಕೇಳಿದರೆ "ನಿಮಗೆ ಕೊಡ್ಬೇಡ ಅಂದಿದ್ದಾಳೆ" ಎನ್ನುತ್ತಾಳೆ. ಹಾಗಾಗಿ ಈ ಪತ್ರ ಡ್ರಾಯರಿಗೆ.

ಆದರೂ ಒಂದು ಉಪಕಾರ ಮಾಡು: ನಾನು ಎಂದೂ ಅಳೆಯದ ನಿನ್ನ ತೋರುಬೆರಳು ಎಷ್ಟುದ್ದವೆಂದು ಒಂದು ಚೀಟಿಯಲ್ಲಿ ಬರೆದು ಕಳಿಸು.